ಪ್ರಮಾಣ ಮತ್ತು ಪ್ರಾಮಾಣ್ಯ

ಪಾವಗಡ ಸೀಮೆಯ ಒಂದು ಊರಿನಲ್ಲಿ, ಶಾಲೆಯ ಹಿಂದಣ ಕೊಳವೆಬಾವಿಯ ನೀರನ್ನು ಕುರಿತು ಬಂದಿದ್ದ ಎರಡು ವರದಿಗಳನ್ನು ಅಲ್ಲಿಯ ಹಿರಿಯರೊಬ್ಬರು ನನ್ನ ಮುಂದೆ ಜಗಲಿಯ ಮೇಲೆ ಹರಡಿದ ದಿನವನ್ನು ನಾನು ಮರೆಯಲಾರೆ. ಎರಡೂ ಮುದ್ರೆ ಬಿದ್ದ ಕಾಗದಗಳು, ಎರಡಕ್ಕೂ ಸಹಿಯಿತ್ತು, ಬಾವಿ ಒಂದೇ, ನೀರು ತುಂಬಿಸಿದ ದಿನವೂ ಒಂದೇ. ಒಂದರಲ್ಲಿ ಫ್ಲೋರೈಡಿನ ಅಂಶ ಲೀಟರಿಗೆ 1.3 ಮಿಲಿಗ್ರಾಂ ಎಂದೂ ಇನ್ನೊಂದರಲ್ಲಿ 1.9 ಮಿಲಿಗ್ರಾಂ ಎಂದೂ ಬರೆದಿತ್ತು. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐಎಸ್ 10500, ಫ್ಲೋರೈಡು 1 ಮಿಲಿಗ್ರಾಮಿನೊಳಗೆ ಇರುವುದು ಲೇಸೆಂದೂ, ಬೇರೆ ನೀರಿನ ಆಸರೆಯಿಲ್ಲದ ಕಡೆ 1.5ರವರೆಗೆ ಸಹಿಸಬಹುದೆಂದೂ ವಿಧಿಸಿರುವುದರಿಂದ, ಮೊದಲನೆಯ ಕಾಗದದಂತೆ ಆ ನೀರನ್ನು ಮಕ್ಕಳಿಗೆ ಕುಡಿಸಬಹುದು, ಎರಡನೆಯದರಂತೆ ಕುಡಿಸಲಾಗದು. "ಇದರಾಗೆ ದಿಟ ಯಾವುದು ಸ್ವಾಮಿ?" ಎಂದು ಅವರು ಕೇಳಿದರು. ಅವರ ಮೊಣಕಾಲುಗಳು ನೆಟ್ಟಗೆ ಚಾಚಲಾರದಷ್ಟು ಬಿಗಿದುಕೊಂಡಿದ್ದವು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳ ಹಲ್ಲುಗಳ ಮೇಲೆ ಕಂದುಗೆರೆಗಳು ಆಗಲೇ ಮೂಡಿದ್ದವು.

ಬಾಳಿನ ಬಹುಭಾಗವನ್ನು ಪ್ರಯೋಗಾಲಯದಲ್ಲಿಯೇ ಕಳೆದವನಾದ ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಆದರೆ ಅದನ್ನು ಕೇಳಬೇಕಾದ ಮನುಷ್ಯನೇ ಎದುರಿಗೆ ಕುಳಿತು ಕೇಳಿದ್ದು ಅದೇ ಮೊದಲು. ಔಷಧದ ಶುದ್ಧಿ, ಸಿಮೆಂಟಿನ ಬಲ, ರಕ್ತದ ಸಕ್ಕರೆ, ವಿದ್ಯುತ್ ಮೀಟರಿನ ಓಟ, ಹಾಲಿನ ಕೊಬ್ಬು, ಇವೆಲ್ಲವನ್ನೂ ನಾವು ಕಣ್ಣಾರೆ ಕಂಡು ತಿಳಿಯಲಾರೆವು. ಯಾರೋ ಎಲ್ಲಿಯೋ ಅಳೆದು ಬರೆದ ಸಂಖ್ಯೆಯೊಂದನ್ನು ನಂಬಿ ನುಂಗುತ್ತೇವೆ, ಕಟ್ಟುತ್ತೇವೆ, ಹಣ ತೆರುತ್ತೇವೆ. ಆ ಸಂಖ್ಯೆಯನ್ನು ನಂಬುವುದಕ್ಕೆ ಆಧಾರವೇನು?

ನಮ್ಮ ಭಾಷೆಯಲ್ಲಿ 'ಪ್ರಮಾಣ'ವೆಂಬುದು ಬಹಳ ತೂಕದ ಮಾತು. ಅಡುಗೆಮನೆಯಲ್ಲಿ ಅದಕ್ಕೆ ಅಳತೆಯೆಂದು ಅರ್ಥ; ತರ್ಕಶಾಸ್ತ್ರದಲ್ಲಿ ಯಥಾರ್ಥಜ್ಞಾನದ ಸಾಧನವೆಂದು ಅರ್ಥ; ದೇವರ ಮುಂದೆ ದೀಪ ಮುಟ್ಟಿ ಪ್ರಮಾಣ ಮಾಡುವಾಗ ಆಣೆಯೆಂದು ಅರ್ಥ. ಅಳತೆ, ಸಾಕ್ಷ್ಯ, ಆಣೆ ಈ ಮೂರನ್ನೂ ಒಂದೇ ಶಬ್ದದಲ್ಲಿ ಕಟ್ಟಿಟ್ಟು, ಅದರಿಂದಲೇ ಪ್ರಾಮಾಣಿಕತೆಯೆಂಬ ಗುಣದ ಹೆಸರನ್ನೂ ಪಡೆದುಕೊಂಡ ಜನ, ಪ್ರಯೋಗಾಲಯದ ವರದಿಯೆಂಬುದು ಒಂದು ಅಳತೆಯಾಗಿರುವಂತೆಯೇ ಒಂದು ಸಾಕ್ಷ್ಯವೂ ಒಂದು ಆಣೆಯೂ ಆಗಿದೆಯೆಂಬುದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. ಪ್ರಾಮಾಣ್ಯವು ಎಲ್ಲಿಂದ ಬರುತ್ತದೆಂಬ ವಾದವೂ ನಮ್ಮಲ್ಲಿ ಬಲು ಹಳೆಯದು. ಜ್ಞಾನಕ್ಕೆ ಪ್ರಾಮಾಣ್ಯವು ಸ್ವತಃ ಸಿದ್ಧ, ಬಾಧಕವೊಂದು ತೋರುವವರೆಗೆ ಅದನ್ನು ಒಪ್ಪಬೇಕೆಂದು ಮೀಮಾಂಸಕರು ಹೇಳಿದರು. ಅದು ಪರತಃ ಸಿದ್ಧ, ತನ್ನಿಂದ ಹೊರಗಣ ಬೇರೊಂದು ಪರೀಕ್ಷೆಯಿಂದ, ಮುಖ್ಯವಾಗಿ ಅದನ್ನು ನಂಬಿ ನಡೆದಾಗ ದೊರೆಯುವ ಫಲದಿಂದ, ತಿಳಿಯತಕ್ಕದ್ದೆಂದು ನೈಯಾಯಿಕರು ಹೇಳಿದರು. ದಿನದಿನದ ಬಾಳಿನಲ್ಲಿ ನಾವೆಲ್ಲರೂ ಮೀಮಾಂಸಕರೇ. ಕಣ್ಣಿಗೆ ಕಂಡದ್ದನ್ನು ಹಾಗೆಯೇ ನಂಬದಿದ್ದರೆ ಒಂದು ಹೆಜ್ಜೆಯನ್ನೂ ಇಡಲಾರೆವು. ಆದರೆ ಒಬ್ಬನ ಅಳತೆಯ ಮೇಲೆ ಇನ್ನೊಬ್ಬನ ಮಗುವಿನ ಹಲ್ಲು, ಮೂಳೆ ನಿಂತಿರುವಾಗ ನೈಯಾಯಿಕರ ದಾರಿಯೇ ದಾರಿ. ತಾನು ಎಷ್ಟರಮಟ್ಟಿಗೆ ತಪ್ಪಿರಬಹುದೆಂಬುದನ್ನು ತಾನಾಗಿಯೇ ಲೆಕ್ಕ ಹಾಕಿ ಹೇಳುವ, ಆ ಹೇಳಿಕೆಯನ್ನು ಅನ್ಯರ ಪರೀಕ್ಷೆಗೆ ಒಡ್ಡುವ ಕಟ್ಟುಪಾಡಿನಲ್ಲಿಯೇ ಪ್ರಯೋಗಾಲಯಗಳ ಮಾನ್ಯತೆಯೆಂಬುದರ ಸತ್ತ್ವವೆಲ್ಲ ಅಡಗಿದೆಯೆಂದು ನಾನು ತಿಳಿದಿದ್ದೇನೆ.

ಅಳತೆಗೆ ಮೇಲಣ ಅಳತೆಯೊಂದು ಬೇಕೆಂಬ ವಿವೇಕ ರಾಜ್ಯಗಳಷ್ಟೇ ಹಳೆಯದು. ಕೌಟಿಲ್ಯನು ತೂಕ ಅಳತೆಗಳಿಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ತೂಕದ ಬಟ್ಟುಗಳನ್ನು ಕಬ್ಬಿಣದಿಂದಲೋ ಮಗಧ ಮೇಕಲಗಳ ಕಲ್ಲಿನಿಂದಲೋ, ಇಲ್ಲವೆ ನೀರಿನಿಂದ ಉಬ್ಬದ ಬಿಸಿಯಿಂದ ಕುಗ್ಗದ ಬೇರೆ ದ್ರವ್ಯದಿಂದಲೋ ಮಾಡಬೇಕೆಂದು ವಿಧಿಸಿದನು. ನಾಲ್ಕು ತಿಂಗಳಿಗೊಮ್ಮೆ ಅವುಗಳನ್ನು ಮರಳಿ ಪರೀಕ್ಷಿಸಿ ಮುದ್ರೆಯೊತ್ತಬೇಕೆಂದೂ, ಮುದ್ರೆಯಿಲ್ಲದುದನ್ನು ಬಳಸಿದವನಿಗೆ ದಂಡವೆಂದೂ ಸೇರಿಸಿದನು. ನಮ್ಮ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಬರಿದೆ ಇಷ್ಟು ಮತ್ತರು ಎಂದು ಬರೆದು ಬಿಡದೆ, ಇಂಥ ಗಳೆಯಿಂದ ಅಳೆದ ಇಷ್ಟು ಮತ್ತರು ಎಂದು ಕೋಲನ್ನೂ ಹೆಸರಿಸಿ ಕೆತ್ತಿರುವುದನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಯಾವ ಕೋಲಿನಿಂದ ಅಳೆದೆನೆಂದು ಹೇಳದವನ ಅಳತೆ ಅಳತೆಯೇ ಅಲ್ಲವೆಂಬ ತತ್ತ್ವವನ್ನು ಆ ಶಿಲ್ಪಿ ಬಲ್ಲವನಾಗಿದ್ದನು. ಇಂದಿನ ಮಾಪನಶಾಸ್ತ್ರ ಕೇಳುವ ಮೊದಲ ಪ್ರಶ್ನೆಯೂ ಅದೇ: ನಿನ್ನ ಕೋಲನ್ನು ಯಾವ ಕೋಲಿನೊಡನೆ ಹಿಡಿದು ನೋಡಿದೆ, ಅದನ್ನು ಮತ್ತೆ ಯಾವುದರೊಡನೆ?

ಈ ವಂಶಾವಳಿ ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಹೋಗಿ ಮುಟ್ಟುತ್ತದೆ. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ಕೆಲವು ತಿಂಗಳಿರುವಾಗಲೇ, ನೆಹರೂ ಅವರು ಅದಕ್ಕೆ ಅಸ್ತಿಭಾರವಿಟ್ಟರು, 1950ರ ಜನವರಿಯಲ್ಲಿ ಸರ್ದಾರ್ ಪಟೇಲರು ಅದನ್ನು ಉದ್ಘಾಟಿಸಿದರು, ಕೆ. ಎಸ್. ಕೃಷ್ಣನ್ ಅವರು ಅದರ ಮೊದಲ ನಿರ್ದೇಶಕರು. ಪ್ಲಾಟಿನಂ ಇರಿಡಿಯಂಗಳ ಮಿಶ್ರಲೋಹದಿಂದ ಮಾಡಿದ 57ನೆಯ ಸಂಖ್ಯೆಯ ಕಿಲೋಗ್ರಾಂ ಅಲ್ಲಿಯೇ ಇದೆ. ಅದರಿಂದ ಕೆಳಗಿಳಿಯುತ್ತ ಬಂದಂತೆ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಸಂದೇಹ ಸ್ವಲ್ಪ ಸ್ವಲ್ಪ ಹಿಗ್ಗುತ್ತದೆ: ಒಂದು ಕಿಲೋಗ್ರಾಮಿನ ಬಟ್ಟು ಇ2 ದರ್ಜೆಯದಾದರೆ 1.6 ಮಿಲಿಗ್ರಾಮಿನಷ್ಟು, ಎಫ್1 ದರ್ಜೆಯದಾದರೆ 5 ಮಿಲಿಗ್ರಾಮಿನಷ್ಟು, ಎಂ1 ದರ್ಜೆಯದಾದರೆ 50 ಮಿಲಿಗ್ರಾಮಿನಷ್ಟು ಅತ್ತಿತ್ತ ಇರಲು ಅವಕಾಶವುಂಟು. ಮೇಲಣ ದರ್ಜೆಯ ಬಟ್ಟನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡೂ ತೂಗುತ್ತದೆ. ಅದನ್ನು ತಂದೊಡನೆ ತೂಗುವಂತಿಲ್ಲ. ಕೋಣೆಯ ಶಾಖಕ್ಕೆ ಅದು ಹೊಂದಿಕೊಳ್ಳುವವರೆಗೆ ಗಂಟೆಗಟ್ಟಲೆ ಕಾಯಬೇಕು. ರಾಸಾಯನಿಕ ಪರೀಕ್ಷೆಯಲ್ಲಿ ಈ ಬಟ್ಟಿನ ಸ್ಥಾನವನ್ನು ವಹಿಸುವುದು ಅಂಶ ನಿಶ್ಚಿತವಾಗಿ ಗೊತ್ತಿರುವ ದ್ರಾವಣ. ಭಾರತೀಯ ನಿರ್ದೇಶಕ ದ್ರವ್ಯವೆಂಬ ಹೆಸರಿನಿಂದ ಅಂಥವು ದೆಹಲಿಯಿಂದ ಬರುತ್ತವೆ. ಇನ್ನು ತೂಕದ ಈ ಸರಪಣಿಯ ಕೊನೆಯ ಕೊಂಡಿ 2019ರ ಮೇ 20ರವರೆಗೆ ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿದ್ದ ಒಂದು ಲೋಹದ ಸಿಲಿಂಡರು. ಅಂದಿನಿಂದ ಕಿಲೋಗ್ರಾಮಿನ ಲಕ್ಷಣವನ್ನು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಲ್ಲಿಸಿದ್ದಾರೆ. ಮನುಷ್ಯರು ಮಾಡಿಟ್ಟ ವಸ್ತುವೊಂದು ಸವೆಯಬಹುದು, ಕಳೆಯಬಹುದು. ಈಗ ಕೊನೆಯ ಸಾಕ್ಷಿ ಪ್ರಕೃತಿಯೇ.

ಆದರೆ ಒಳ್ಳೆಯ ಕೋಲಿದ್ದ ಮಾತ್ರಕ್ಕೆ ಒಳ್ಳೆಯ ಅಳತೆಗಾರನಾಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು: ಮದ್ದುಗುಂಡುಗಳ ಪರೀಕ್ಷೆಗೆ ನಂಬತಕ್ಕ ಪ್ರಯೋಗಾಲಯಗಳು ಯಾವುವೆಂದು ಹೇಳುವವರಿಲ್ಲದೆ ತೊಳಲಿದ ಆ ದೇಶ 1947ರಲ್ಲಿ, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವುದಕ್ಕೆಂದೇ ನಾಟಾ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಬೇರೆ ದೇಶಗಳು ನಿಧಾನವಾಗಿ ಹಿಂಬಾಲಿಸಿದುವು. 1978ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್ಒ ಹೊರಡಿಸಿದ ಮಾರ್ಗದರ್ಶಿಕೆಯು ಬೆಳೆದು 1999ರಲ್ಲಿ ಐಎಸ್ಒ/ಐಇಸಿ 17025 ಎಂಬ ಮಾನಕವಾಯಿತು. 2005ರಲ್ಲಿಯೂ 2017ರಲ್ಲಿಯೂ ಅದನ್ನು ಪರಿಷ್ಕರಿಸಿದರು. ನಮ್ಮಲ್ಲಿ ಅದರ ಮೇರೆಗೆ ಮಾನ್ಯತೆ ಕೊಡುವ ಮುಖ್ಯ ಸಂಸ್ಥೆ ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ಎನ್ಎಬಿಎಲ್.

ಈ ಮಾನಕದ ಎರಡು ಅಂಶಗಳನ್ನು ಮಾತ್ರ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಿಕ್ಕುವು ಆಡಳಿತದ ಮಾತುಗಳು. ಮೊದಲನೆಯದು ವ್ಯಾಪ್ತಿ. ಮಾನ್ಯತೆಯೆಂಬುದು ಕಟ್ಟಡಕ್ಕೆ ಕೊಟ್ಟ ಬಿರುದಲ್ಲ. ಇಂಥ ವಸ್ತುವಿನಲ್ಲಿ, ಇಂಥ ಅಂಶವನ್ನು, ಇಂಥ ವಿಧಾನದಿಂದ, ಇಷ್ಟರಿಂದ ಇಷ್ಟರವರೆಗೆ ಅಳೆಯಬಲ್ಲೆನೆಂಬ ಒಂದೊಂದು ಹೇಳಿಕೆಗೂ ಬೇರೆ ಬೇರೆಯಾಗಿ ಕೊಟ್ಟ ಒಪ್ಪಿಗೆ. ಹಾಲಿನ ಕೊಬ್ಬಿಗೆ ಮಾನ್ಯತೆ ಪಡೆದ ಪ್ರಯೋಗಾಲಯವು ನೀರಿನ ಫ್ಲೋರೈಡಿಗೆ ಮಾನ್ಯತೆ ಪಡೆದಂತಾಗಲಿಲ್ಲ. ಗೋಡೆಯ ಮೇಲೆ ಕಟ್ಟುಹಾಕಿ ತೂಗಿಸಿದ ಪ್ರಶಸ್ತಿಪತ್ರವನ್ನು ನೋಡಿ ಕೈಮುಗಿದು ಬರುವ ನಮ್ಮ ಅಧಿಕಾರಿಗಳೂ ಗ್ರಾಹಕರೂ ಆ ಪತ್ರದ ಬೆನ್ನಿಗಿರುವ ವ್ಯಾಪ್ತಿಯ ಪಟ್ಟಿಯನ್ನು ಕೇಳಿ ಓದುವುದನ್ನು ನಾನು ಬಲು ಅಪರೂಪವಾಗಿ ಕಂಡಿದ್ದೇನೆ, ಓದಬೇಕಾದದ್ದಾದರೋ ಅದನ್ನೇ.

ಎರಡನೆಯದು ಅನಿಶ್ಚಿತತೆ. 1.4 ಎಂಬುದು ಪೂರ್ಣವಾದ ಉತ್ತರವಲ್ಲ; 1.4, ಅದರಿಂದ ಅತ್ತ ಇತ್ತ 0.15, ಎಂಬುದು ಉತ್ತರ. ಹಾಗೆ ಬರೆದ ಕೂಡಲೇ ಒಂದು ಧರ್ಮಸಂಕಟ ತಲೆದೋರುತ್ತದೆ. ಮಿತಿಯು 1.5 ಆಗಿರುವಾಗ, 1.25 ಇರಬಹುದು 1.55 ಇರಬಹುದು ಎಂಬ ಈ ನೀರು ಉತ್ತೀರ್ಣವೋ ಅನುತ್ತೀರ್ಣವೋ? 2017ರ ಪರಿಷ್ಕರಣವು ಈ ಪ್ರಶ್ನೆಯನ್ನು ಮರೆಮಾಚಲು ಬಿಡದೆ, ಮಿತಿಗೆ ಹೋಲಿಸಿ ತೀರ್ಪು ಕೊಡುವ ಪ್ರಯೋಗಾಲಯವು ತಾನು ಯಾವ ನಿರ್ಣಯ ನಿಯಮವನ್ನು ಅನುಸರಿಸಿದೆನೆಂದು ಗೊತ್ತುಪಡಿಸಿ ತಿಳಿಸಬೇಕೆಂದು ಕಟ್ಟುಮಾಡಿತು. ಇದನ್ನು ನಾನು ಆ ಮಾನಕದ ಅತ್ಯಂತ ನೈತಿಕವಾದ ಭಾಗವೆಂದು ಎಣಿಸುತ್ತೇನೆ. ಏಕೆಂದರೆ ಇಲ್ಲಿ ಕೇಳುತ್ತಿರುವುದು ಸಂದೇಹದ ಲಾಭ ಯಾರಿಗೆ ಸಲ್ಲಬೇಕೆಂಬುದನ್ನು. ನ್ಯಾಯಾಲಯದಲ್ಲಿ ಅದು ಆರೋಪಿಗೆ ಸಲ್ಲುತ್ತದೆ, ಸಲ್ಲುವುದು ಸರಿ. ನೀರಿನ ವಿಷಯದಲ್ಲಿ ಅದು ಕುಡಿಯುವವನಿಗೆ ಸಲ್ಲಬೇಕೇ ಹೊರತು ಕೊಳಾಯಿ ಹಾಕಿಸಿದವನಿಗಲ್ಲ. ಸಂದೇಹದ ಅಗಲವನ್ನು ಮಿತಿಯಿಂದ ಮೊದಲೇ ಕಳೆದು, ಮಿಕ್ಕ ಸಂಖ್ಯೆಗಿಂತ ಕೆಳಗಿದ್ದರೆ ಮಾತ್ರ ಉತ್ತೀರ್ಣವೆನ್ನುವ ನಿಯಮವೊಂದನ್ನು ನಮ್ಮ ಸರ್ಕಾರಗಳು ಕುಡಿಯುವ ನೀರಿಗೂ ಮಕ್ಕಳ ಔಷಧಕ್ಕೂ ಕಡ್ಡಾಯ ಮಾಡಬಾರದೇಕೆ? ಹಾಗೆ ಮಾಡಿದರೆ ಒರಟಾಗಿ ಅಳೆಯುವ ಪ್ರಯೋಗಾಲಯದ ಕೈಯಲ್ಲಿ ಒಳ್ಳೆಯ ನೀರೂ ಅನುತ್ತೀರ್ಣವಾದೀತೆಂಬ ಆಕ್ಷೇಪ ನಿಜವೇ. ಹಾಗಾದಾಗ ಇನ್ನೂ ಸೂಕ್ಷ್ಮವಾಗಿ ಅಳೆಯುವವನನ್ನು ಹುಡುಕುವ ಹೊರೆ ನೀರು ಒದಗಿಸುವವನ ಮೇಲೆ ಬೀಳುತ್ತದೆ. ಆ ಹೊರೆ ಇರಬೇಕಾದ ಹೆಗಲೂ ಅದೇ.

ಮಾನ್ಯತೆ ಕೊಡುವವರಿಗೆ ಮಾನ್ಯತೆ ಕೊಟ್ಟವರು ಯಾರೆಂದು ಕೇಳುವವರುಂಟು. ಪರತಃ ಪ್ರಾಮಾಣ್ಯವಾದಿಗಳ ಮೇಲೆ ಮೀಮಾಂಸಕರು ಹೊರಿಸಿದ ಅನವಸ್ಥಾದೋಷವೇ ಇದು: ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಲೋಕವು ಈ ತೊಡಕನ್ನು ಬಿಡಿಸಿಕೊಂಡ ಬಗೆ ಸ್ವಾರಸ್ಯವಾಗಿದೆ. 1977ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸಭೆಯಾಗಿ ಆರಂಭವಾದ ಐಲ್ಯಾಕ್ ಎಂಬ ಒಕ್ಕೂಟದಲ್ಲಿ ಬೇರೆ ಬೇರೆ ದೇಶಗಳ ಮಾನ್ಯತಾ ಸಂಸ್ಥೆಗಳು ಒಬ್ಬರ ಕಾರ್ಯವನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸುವ ಪದ್ಧತಿಯನ್ನು ರೂಢಿಸಿಕೊಂಡು, 2000ದ ನವೆಂಬರಿನಲ್ಲಿ ಪರಸ್ಪರ ಮನ್ನಣೆಯ ಒಪ್ಪಂದಕ್ಕೆ ಸಹಿ ಹಾಕಿದುವು. ಎಲ್ಲರ ಮೇಲೆ ಒಬ್ಬ ಅಧಿಪತಿಯನ್ನು ಕೂರಿಸಲಿಲ್ಲ. ಸರೀಕರೇ ಸರೀಕರನ್ನು ಒರೆಗೆ ಹಚ್ಚುತ್ತಾರೆ. ಇನ್ನು ನೈಯಾಯಿಕರು ಹೇಳಿದ ಫಲದ ಪರೀಕ್ಷೆಯೂ ಇದರಲ್ಲಿ ಉಂಟು. ಒಂದೇ ಪಾತ್ರೆಯ ದ್ರವ್ಯವನ್ನು ಚೆನ್ನಾಗಿ ಕಲಸಿ, ಹತ್ತಾರು ಪ್ರಯೋಗಾಲಯಗಳಿಗೆ ಸೀಸೆಗಳಲ್ಲಿ ಕಳುಹಿಸಿ, ಅವರವರ ಉತ್ತರ ನಿಯತ ಮೌಲ್ಯದಿಂದ ಎಷ್ಟು ದೂರವಿದೆಯೆಂಬುದನ್ನು ಲೆಕ್ಕ ಹಾಕುತ್ತಾರೆ. ಆ ದೂರವನ್ನು ಸೂಚಿಸುವ ಅಂಕ 2ರೊಳಗಿದ್ದರೆ ತೃಪ್ತಿಕರ, 3ನ್ನು ಮುಟ್ಟಿದರೆ ಅಥವಾ ದಾಟಿದರೆ ಅತೃಪ್ತಿಕರ. ಎಷ್ಟು ಕಡತಗಳನ್ನು ಜೋಡಿಸಿಟ್ಟಿದ್ದರೂ ಈ ಸೀಸೆಯ ಮುಂದೆ ಅವು ನೆರವಿಗೆ ಬರುವುದಿಲ್ಲ.

ಈ ಕಟ್ಟುಪಾಡನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದನ್ನು 2015ರಲ್ಲಿ ನಮ್ಮ ದೇಶವೆಲ್ಲ ನೋಡಿತು. ಮ್ಯಾಗಿ ನೂಡಲ್ಸಿನ ಮಾದರಿಯೊಂದರಲ್ಲಿ ಸೀಸವು ದಶಲಕ್ಷಕ್ಕೆ 17.2 ಪಾಲು ಇದೆಯೆಂದು ಕೋಲ್ಕತ್ತದ ಒಂದು ಸರ್ಕಾರಿ ಪ್ರಯೋಗಾಲಯ ವರದಿ ಮಾಡಿತು, ಮಿತಿ 2.5. ಬೇರೆ ರಾಜ್ಯಗಳಿಂದಲೂ ವರದಿಗಳು ಬಂದುವು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರವು ಮಾರಾಟವನ್ನು ತಡೆಯಿತು. ಆಗಸ್ಟ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಮಾಡಿತು: ತಯಾರಕರ ಮಾತನ್ನು ಕೇಳದೆ ಆಜ್ಞೆ ಹೊರಡಿಸಿದ್ದು ಒಂದು ದೋಷ, ಆಧಾರವಾಗಿ ಹಿಡಿದ ಪರೀಕ್ಷೆಗಳು ಕಾನೂನು ಬಯಸುವಂತೆ ಮಾನ್ಯತೆಯೂ ಅಧಿಸೂಚನೆಯೂ ಇದ್ದ ಪ್ರಯೋಗಾಲಯಗಳಲ್ಲಿ ನಡೆದಿರಲಿಲ್ಲವೆಂಬುದು ಇನ್ನೊಂದು. ಮೊಹಾಲಿ, ಹೈದರಾಬಾದು, ಜಯಪುರಗಳ ಮೂರು ಮಾನ್ಯ ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಯಾಗಬೇಕೆಂದು ನ್ಯಾಯಾಲಯ ಹೇಳಿತು; ಅಲ್ಲಿ ಸೀಸ ಮಿತಿಯೊಳಗಿತ್ತು. ತಯಾರಕರಿಗೆ ಜಯವಾಯಿತೆಂದೋ ಪ್ರಾಧಿಕಾರಕ್ಕೆ ಸೋಲಾಯಿತೆಂದೋ ಇದನ್ನು ಓದುವವರೊಡನೆ ನಾನು ಸೇರುವುದಿಲ್ಲ. ಮಗುವಿನ ತಟ್ಟೆಯಲ್ಲಿ ನಿಜವಾಗಿ ಏನಿತ್ತೆಂಬುದನ್ನು ತಾಯಂದಿರು ಎರಡು ತಿಂಗಳಿಗಿಂತ ಹೆಚ್ಚು ಕಾಲ ಅರಿಯಲಾರದೆ ಹೋದರಲ್ಲ, ಅದು ನಷ್ಟ. ಮುಂದೊಂದು ದಿನ ನಿಜವಾದ ವಿಷವೇ ಸಿಕ್ಕಿದಾಗ, ಅದನ್ನು ಕಂಡ ಪ್ರಯೋಗಾಲಯದ ಸಾಕ್ಷ್ಯವು ಪಾಟೀಸವಾಲಿನಲ್ಲಿ ಬಿದ್ದುಹೋದರೆ ಹೊಣೆ ಯಾರದು?

ಇಷ್ಟನ್ನು ಹೇಳಿ, ಈ ವ್ಯವಸ್ಥೆ ನಮ್ಮಲ್ಲಿ ಹೇಗೆ ನಡೆಯುತ್ತಿದೆಯೆಂಬುದನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕವಾದೀತು. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಒಮ್ಮೆ ಮೈಕ್ರೋಮೀಟರೊಂದನ್ನು ಕೈಗೆತ್ತಿಕೊಂಡೆ. ಅದರ ಮೈಮೇಲೆ ಕ್ಯಾಲಿಬ್ರೇಷನ್ ಆಯಿತೆಂಬ ಹಸಿರು ಸ್ಟಿಕರ್, ಮುಂದಿನ ತಾರೀಖು, ಸಹಿ ಎಲ್ಲವೂ ಕ್ರಮವಾಗಿದ್ದುವು. ಮಾಲೀಕರು ಮೂರು ವರ್ಷದ ಸರ್ಟಿಫಿಕೇಟುಗಳನ್ನು ತೆಗೆದು ತೋರಿಸಿದರು. ಮೂರರಲ್ಲಿಯೂ ಹತ್ತು ಸ್ಥಾನಗಳಲ್ಲಿ ನೋಡಿದ ದೋಷದ ಅಂಕೆಗಳು ಕೊನೆಯ ದಶಾಂಶದವರೆಗೆ ಒಂದೇ ಆಗಿದ್ದುವು. ದಿನವೂ ನೂರಾರು ಸಲ ಉಕ್ಕನ್ನು ಕಚ್ಚಿ ಸವೆಯುವ ಉಪಕರಣ ಮೂರು ವರ್ಷ ಹಾಗೆಯೇ ಇರುವುದು ಸಾಧ್ಯವಿಲ್ಲ. ಯಾರೋ ಡಬ್ಬಿಯ ಮುಚ್ಚಳವನ್ನೇ ತೆಗೆಯದೆ ಹಳೆಯ ಕಾಗದವನ್ನು ನಕಲು ಮಾಡಿ ಕೊಟ್ಟಿದ್ದರು. "ಆಡಿಟ್‌ನೋರು ಸ್ಟಿಕರ್ ನೋಡ್ತಾರೆ ಸಾರ್, ಅಷ್ಟೇ" ಎಂದರು ಮಾಲೀಕರು. ಅವರು ಕೆಟ್ಟವರಲ್ಲ, ಕೇಳುವವರು ಏನನ್ನು ಕೇಳುತ್ತಾರೋ ಅದನ್ನು ಒದಗಿಸಿದ್ದರು. ಮಾನ್ಯತೆಯೆಂಬುದು ಆಡಿಟ್ಟಿನ ವಾರ ಬೆಳಗುವ ದೀಪವಾದರೆ ಎಷ್ಟು ಉತ್ತಮವಾದ ಮಾನಕವೂ ವ್ಯರ್ಥ.

ಈ ಕೊರತೆಯನ್ನು ಮುಂದೊಡ್ಡಿ, ಮಾನ್ಯತೆಯೇ ದಂಡ, ಸಣ್ಣವರಿಗೆ ಅದರ ಶುಲ್ಕ ತೆರಲಾರದ ಹೊರೆ ಎಂದು ವಾದಿಸುವವರಿದ್ದಾರೆ. ಹೊರೆಯೆಂಬುದನ್ನು ಒಪ್ಪುತ್ತೇನೆ. ಆದರೆ ಅದರಿಂದ ಬರುವ ನಿಗಮನ ಬೇರೆ. ರಫ್ತು ಮಾಡುವ ಕಾರ್ಖಾನೆ ಹೇಗೂ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ, ಪರದೇಶದ ಗಿರಾಕಿ ಬಿಡುವುದಿಲ್ಲ. ಬಡವರ ನೀರು, ಬಡವರ ರಕ್ತ, ನ್ಯಾಯಬೆಲೆ ಅಂಗಡಿಯ ಎಣ್ಣೆ ಇವುಗಳನ್ನು ಪರೀಕ್ಷಿಸುವ ತಾಲ್ಲೂಕು ಜಿಲ್ಲಾ ಪ್ರಯೋಗಾಲಯಗಳಿಗೆ ಅಂಥ ಗಿರಾಕಿ ಇಲ್ಲ. ರಕ್ತಪರೀಕ್ಷೆಯ ಪ್ರಯೋಗಾಲಯಗಳಿಗಂತೂ ಐಎಸ್ಒ 15189ರ ಮಾನ್ಯತೆ ನಮ್ಮ ದೇಶದಲ್ಲಿ ಇಷ್ಟವಿದ್ದವರು ಪಡೆಯುವುದಾಗಿದೆ. ಆದಕಾರಣ ಸಾರ್ವಜನಿಕ ಹಣ ಮೊದಲು ಹರಿಯಬೇಕಾದದ್ದು ಈ ಪ್ರಯೋಗಾಲಯಗಳಿಗೆ: ವರ್ಷವರ್ಷವೂ ಗುತ್ತಿಗೆಯ ಮೇಲೆ ಬದಲಾಗದ ನುರಿತ ತಂತ್ರಜ್ಞರಿಗೆ, ಕಾಲಕ್ಕೆ ಸರಿಯಾಗಿ ಬರುವ ನಿರ್ದೇಶಕ ದ್ರವ್ಯಗಳಿಗೆ, ನಿಂತುಹೋಗದ ವಿದ್ಯುತ್ತಿಗೆ. ತಪಾಸಣೆ ಮುನ್ಸೂಚನೆಯಿಲ್ಲದೆ ಆಗಬೇಕು. ಒರೆಗೆ ಹಚ್ಚುವ ಸೀಸೆಯೂ ಪರೀಕ್ಷೆಯ ಸೀಸೆಯೆಂದು ಚೀಟಿ ಹಚ್ಚಿಕೊಂಡು ಬರದೆ ಸಾಮಾನ್ಯ ಗಿರಾಕಿಯ ವೇಷದಲ್ಲಿ ಬರಬೇಕು; ಆಗ ಮಾತ್ರ ಪ್ರಯೋಗಾಲಯವು ಎಂದಿನ ದಿನ ಹೇಗೆ ಅಳೆಯುತ್ತದೆಂಬುದು ತಿಳಿದೀತು. ಪಂಚಾಯತಿಗೆ ಬರುವ ವರದಿಯ ಮೇಲೆ ಸಂಖ್ಯೆಯ ಪಕ್ಕದಲ್ಲಿಯೇ ಅದರ ಅನಿಶ್ಚಿತತೆಯನ್ನೂ ನಿರ್ಣಯ ನಿಯಮವನ್ನೂ ಕನ್ನಡದಲ್ಲಿ ಬರೆದಿರಬೇಕು. ಊರಿನವರಿಗೆ ಇದು ಅರ್ಥವಾಗದೆಂದು ಹೇಳುವವರು, ಕೊಳಗದ ಮೇಲೆ ರಾಶಿ ಹಾಕಿ ಅಳೆಯುವುದಕ್ಕೂ ಅಂಚಿಗೆ ಸಮನಾಗಿ ಸವರಿ ಅಳೆಯುವುದಕ್ಕೂ ಇರುವ ಭೇದದ ಮೇಲೆ ಕಣದಲ್ಲಿ ಎಷ್ಟೊಂದು ವ್ಯಾಜ್ಯಗಳಾಗಿವೆಯೆಂಬುದನ್ನು ಬಲ್ಲವರಲ್ಲ.

ಪಾವಗಡದ ಆ ಬಾವಿಯ ನೀರನ್ನು ಮೂರನೆಯ ಸಲ ಪಾಲಿಥೀನ್ ಸೀಸೆಯಲ್ಲಿ ತುಂಬಿಕೊಂಡು, ಫ್ಲೋರೈಡು ಗಾಜನ್ನು ತಿನ್ನುವುದರಿಂದ ಗಾಜಿನದರಲ್ಲಿ ತುಂಬುವುದಿಲ್ಲವಷ್ಟೆ, ನಾನೇ ಒಂದು ಪ್ರಯೋಗಾಲಯಕ್ಕೆ ಕೊಂಡೊಯ್ದೆ; ಹಿಂದಿನ ಎರಡು ವರದಿಗಳಲ್ಲಿ ಮೊದಲನೆಯದು ಅಲ್ಲಿಂದಲೇ ಬಂದದ್ದು. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳು ಫ್ಲೋರೈಡ್ ವಿದ್ಯುದ್ವಾರದ ಮುಂದೆ ಕುಳಿತಿದ್ದಳು. ಆ ಉಪಕರಣದಲ್ಲಿ ಅಂಶ ಹತ್ತುಪಟ್ಟು ಹೆಚ್ಚಿದರೆ ಸುಮಾರು 59 ಮಿಲಿವೋಲ್ಟಿನ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಅದು ಬರಿಯ 10 ಮಿಲಿವೋಲ್ಟು ಸರಿದಿದ್ದರೂ ಸಾಕು, 1.9 ಇದ್ದದ್ದು 1.3 ಎಂದು ತೋರುತ್ತದೆ. ಮಿಲಿವೋಲ್ಟನ್ನು ಅಂಶಕ್ಕೆ ತಿರುಗಿಸುವ ಅಳತೆಗೆರೆಯನ್ನು ತಿಳಿದ ದ್ರಾವಣಗಳಿಂದ ತಿಂಗಳ ಮೊದಲಲ್ಲಿ ಒಮ್ಮೆ ಎಳೆದಿಟ್ಟು ತಿಂಗಳೆಲ್ಲ ಅದರ ಮೇಲೆಯೇ ಓದುವುದು ಅಲ್ಲಿಯ ವಾಡಿಕೆಯಾಗಿತ್ತು. ನೀರನ್ನು ಇಡುವ ಮೊದಲು ಲೀಟರಿಗೆ 1 ಮಿಲಿಗ್ರಾಮಿನ ತಿಳಿದ ದ್ರಾವಣವೊಂದನ್ನು ಇಟ್ಟು ನೋಡಬಹುದೇ ಎಂದು ಕೇಳಿದೆ. ಇಟ್ಟಳು, ಬಫರ್ ಹಾಕಿ, ಕಲಕುವ ಕಡ್ಡಿ ತಿರುಗುತ್ತಿರಲು, ಅಂಕೆ ನಿಲ್ಲುವವರೆಗೆ ಕಾದಳು. 0.68 ಬಂದಿತು. ಮತ್ತೊಮ್ಮೆ ಹೊಸದಾಗಿ ಮಾಡಿ ಇಟ್ಟಳು, 0.69. "ಸಾರ್, ಸ್ಟ್ಯಾಂಡರ್ಡೇ ಸರಿಯಾಗಿ ಬರ್ತಾ ಇಲ್ಲ" ಎಂದಳು, ಮುಖದಲ್ಲಿ ಭಯವಿತ್ತು.

ಭಯ ಬೇಡವೆಂದೆ. ಅವಳು ವಿದ್ಯುದ್ವಾರವನ್ನು ತೊಳೆದು ಒರಸಿ, ಮೂರು ದ್ರಾವಣಗಳಿಂದ ಗೆರೆಯನ್ನು ಹೊಸದಾಗಿ ಎಳೆದು, ತಿಳಿದ ದ್ರಾವಣವು 0.99 ಎಂದು ತೋರಿದ ಮೇಲೆ ಬಾವಿಯ ನೀರನ್ನು ಮೂರು ಸಲ ಇಟ್ಟಳು. ಅನಂತರ, ನಾನು ಹೇಳುವ ಮೊದಲೇ, ಹಿಂದಿನ ವಾರದ ದಾಖಲೆ ಪುಸ್ತಕವನ್ನು ತೆರೆದು, ತನ್ನ ಕೈಯಿಂದಲೇ ಬರೆದಿದ್ದ 1.3ರ ಮೇಲೆ ಒಂದೇ ಒಂದು ಗೆರೆಯೆಳೆದಳು. ಹಳೆಯ ಅಂಕೆ ಓದಿಗೆ ಸಿಗುವಂತೆಯೇ ಇತ್ತು. ಪಕ್ಕದಲ್ಲಿ 1.8 ಎಂದೂ, ಅತ್ತಿತ್ತ 0.15 ಎಂದೂ, ತಿದ್ದಿದ ಕಾರಣವನ್ನೂ, ತನ್ನ ಹೆಸರಿನ ಮೊದಲಕ್ಷರಗಳನ್ನೂ, ಅಂದಿನ ತಾರೀಖನ್ನೂ ಬರೆದಳು. ಆ ಹಳೆಯ ಅಳತೆಗೆರೆಯ ಮೇಲೆ ಓದಿದ್ದ ಬೇರೆ ಊರುಗಳ ಸೀಸೆಗಳು ಎಷ್ಟೆಂದು ಎಣಿಸುವುದಕ್ಕೆ ಪುಟಗಳನ್ನು ಹಿಂದಕ್ಕೆ ತಿರುವತೊಡಗಿದಳು.